ಎದೆಯಲ್ಲಿ ಹಾಲಿದೆ, ಮಗುವಿನ ಹೊಟ್ಟೆಗೆ ಇಳಿಯುತ್ತಿಲ್ಲ: ಒಬ್ಬ ಚೊಚ್ಚಲ ಬಾಣಂತಿಯ ಮೊದಲ ಆರು ವಾರ

ಚೊಚ್ಚಲ ತಾಯಿ, ವಯಸ್ಸು 28. ತುಂಬು ಗರ್ಭ, 39 ವಾರ. ಹತ್ತೊಂಬತ್ತು ಗಂಟೆ ನೋವು ತಿಂದ ಮೇಲೆ ಸಿಜೇರಿಯನ್. ಹೆಣ್ಣು ಮಗು, ಹುಟ್ಟಿದಾಗ 3,120 ಗ್ರಾಂ. ಮೂರನೆಯ ದಿನ ಮನೆಗೆ ಹೊರಟಾಗ 2,900. ಆರನೆಯ ದಿನ ಸ್ತನ್ಯಪಾನ ಸಲಹೆಗೆಂದು ಬಂದಾಗ 2,790. ಹುಟ್ಟಿದಾಗಿನ ತೂಕದಲ್ಲಿ ಶೇ 10.6ರಷ್ಟು ಕರಗಿತ್ತು. ತಾಯಿ ಹೇಳಿದ್ದು ಒಂದೇ ಮಾತು: "ನನಗೆ ಹಾಲು ಸಾಲ್ತಾ ಇಲ್ಲ."

ಬಾಣಂತಿಯರ ಬಾಯಲ್ಲಿ ಅತಿ ಹೆಚ್ಚು ಕೇಳಿಬರುವ ದೂರು ಇದು. ಯಾರೂ ಅಳೆದು ನೋಡದೆ ಒಪ್ಪಿಕೊಂಡುಬಿಡುವ ದೂರೂ ಇದೇ. ಈ ತಾಯಿಯ ವಿಷಯದಲ್ಲಿ ಅಳೆದಾಗ ಸಿಕ್ಕ ಉತ್ತರ ಬೇರೆಯಾಗಿತ್ತು: ಎದೆಯಲ್ಲಿ ಹಾಲಿತ್ತು, ಮಗುವಿಗೆ ಅದನ್ನು ಎಳೆದುಕೊಳ್ಳಲು ಆಗುತ್ತಿರಲಿಲ್ಲ. ಹಾಲೇ ಇಲ್ಲದಿದ್ದರೆ ಮಾಡಬೇಕಾದ ಕೆಲಸ ಒಂದು, ಇರುವ ಹಾಲು ಮಗುವಿಗೆ ಸಿಗದಿದ್ದರೆ ಮಾಡಬೇಕಾದ ಕೆಲಸ ಇನ್ನೊಂದು. ಎರಡನ್ನೂ ಒಂದೇ ಎಂದುಕೊಂಡರೆ ವಾರ ಕಳೆಯುವುದರೊಳಗೆ ಮೊದಲನೆಯದೇ ನಿಜವಾಗುತ್ತದೆ, ಏಕೆಂದರೆ ಖಾಲಿಯಾಗದ ಎದೆ ಹಾಲು ಮಾಡುವುದನ್ನು ನಿಲ್ಲಿಸುತ್ತದೆ.

(ಇದು ಒಬ್ಬ ನಿರ್ದಿಷ್ಟ ತಾಯಿಯ ಆಸ್ಪತ್ರೆ ದಾಖಲೆಯಲ್ಲ. ಇಂಥ ಪ್ರಕರಣಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಂದೇ ತಾಯಿ-ಮಗುವಿನ ಸುತ್ತ ಜೋಡಿಸಿ, ಅದಕ್ಕೆ ಹೊಂದುವ ಅಳತೆಗಳೊಂದಿಗೆ ಬರೆದದ್ದು.)

ಮೊದಲ ಐದು ದಿನ ಏನಾಯಿತು

ಹುಟ್ಟಿದ ಒಂದು ಗಂಟೆಯೊಳಗೆ ಮಗುವನ್ನು ಎದೆಗೆ ಹಾಕಬೇಕು ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಸಿಜೇರಿಯನ್ ಆದವರಿಗೂ ಇದು ಸಾಧ್ಯ. ಬೆನ್ನಿಗೆ ಅರಿವಳಿಕೆ ಕೊಟ್ಟಿದ್ದರೆ ತಾಯಿ ಎಚ್ಚರವಾಗಿಯೇ ಇರುತ್ತಾಳೆ. ಇಲ್ಲಿ ಮಗು ತಾಯಿಯ ಮೈಗೆ ತಾಗಿದ್ದು ನಾಲ್ಕು ಗಂಟೆ ಕಳೆದ ಮೇಲೆ, ಎದೆಗೆ ಬಂದಿದ್ದು ಐದನೆಯ ಗಂಟೆಗೆ. ಅಷ್ಟು ಹೊತ್ತಿಗೆ ಮಗು ಗಾಢ ನಿದ್ದೆಗೆ ಜಾರಿತ್ತು. ಹುಟ್ಟಿದ ಕೂಡಲೇ ಶಿಶುಗಳು ಒಂದೆರಡು ಗಂಟೆ ಚುರುಕಾಗಿದ್ದು, ಆಮೇಲೆ ದೀರ್ಘವಾಗಿ ಮಲಗುತ್ತವೆ. ಆ ಮೊದಲ ಚುರುಕು ಇಲ್ಲಿ ಕೈತಪ್ಪಿತು.

ಅದೇ ರಾತ್ರಿ ಮಗು ಅತ್ತಾಗ ಬಾಟಲಿಯಲ್ಲಿ 30 ಮಿ.ಲೀ. ಪುಡಿಹಾಲು (ಶಿಶುಗಳಿಗೆಂದೇ ಮಾಡಿದ ಫಾರ್ಮುಲಾ) ಕೊಡಲಾಯಿತು, ಬೆಳಗಿನ ಜಾವ ಮತ್ತೊಮ್ಮೆ. ಮೊದಲ 24 ಗಂಟೆಯಲ್ಲಿ ಆರೋಗ್ಯವಂತ ಶಿಶು ಒಂದು ಸಲಕ್ಕೆ ಕುಡಿಯುವುದು ಸುಮಾರು 2ರಿಂದ 10 ಮಿ.ಲೀ. ಎರಡನೆಯ ದಿನ 5ರಿಂದ 15, ಮೂರನೆಯ ದಿನ 15ರಿಂದ 30. ತಾಯಿಯ ಎದೆಯಲ್ಲಿ ಆಗ ಇರುವ ದಪ್ಪನೆಯ ಹಳದಿ ಹಾಲಿನ ಪ್ರಮಾಣವೂ ಅಷ್ಟೇ. ಮೊದಲ ದಿನವೇ 30 ಮಿ.ಲೀ. ಕುಡಿದ ಮಗು ಐದು ಗಂಟೆ ಎದ್ದೇಳಲಿಲ್ಲ. ಆ ಐದು ಗಂಟೆ ಎದೆಗೆ ಯಾವ ಬೇಡಿಕೆಯೂ ಹೋಗಲಿಲ್ಲ. ಪುಡಿಹಾಲು ವಿಷವಲ್ಲ, ಮುಂದೆ ಇದೇ ಪ್ರಕರಣದಲ್ಲಿ ಅದನ್ನು ಬಳಸಿದ್ದೂ ಇದೆ. ತಪ್ಪು ಕೊಟ್ಟದ್ದರಲ್ಲಿ ಅಷ್ಟಾಗಿ ಇರಲಿಲ್ಲ. ಕೊಟ್ಟಾಗಲೆಲ್ಲ ತಾಯಿಯ ಎದೆಯಿಂದಲೂ ಹಾಲು ಹಿಂಡಿ ತೆಗೆಯಿರಿ ಎಂದು ಯಾರೂ ಹೇಳದೆ ಹೋದದ್ದು ದೊಡ್ಡ ತಪ್ಪು.

ಮಾಸು ಹೊರಬಿದ್ದ ಮೇಲೆ ಪ್ರೊಜೆಸ್ಟರಾನ್ ಹಾರ್ಮೋನು ಕುಸಿಯುತ್ತದೆ. ಅಲ್ಲಿಯವರೆಗೆ ತಡೆಹಿಡಿದಿದ್ದ ಪ್ರೊಲ್ಯಾಕ್ಟಿನ್ ಆಗ ಕೆಲಸಕ್ಕಿಳಿದು, ಸಾಮಾನ್ಯವಾಗಿ 30ರಿಂದ 72 ಗಂಟೆಯೊಳಗೆ ಎದೆ ತುಂಬುತ್ತದೆ. ಚೊಚ್ಚಲ ಹೆರಿಗೆ, ಬಹಳ ಹೊತ್ತಿನ ನೋವು, ಸಿಜೇರಿಯನ್, ಸಕ್ಕರೆ ಕಾಯಿಲೆ, ಹೆಚ್ಚು ಮೈತೂಕ ಇವೆಲ್ಲ ಅದನ್ನು ತಡಮಾಡುತ್ತವೆ. ಇವುಗಳಲ್ಲಿ ಮೂರು ಈ ತಾಯಿಗೆ ಇದ್ದವು. ಆಕೆಯ ಎದೆ ತುಂಬಿದ್ದು ನಾಲ್ಕನೆಯ ದಿನ. ತುಂಬಿದ್ದೂ ಸುಮ್ಮನೆ ಅಲ್ಲ, ಒಂದೇ ಸಮನೆ ಬಿಗಿದು ಕಲ್ಲಾಯಿತು. ನೋವಿನ ಹೊತ್ತಿನಲ್ಲಿ ಮತ್ತು ಶಸ್ತ್ರಚಿಕಿತ್ಸೆಯಲ್ಲಿ ಹಾಕಿದ ಡ್ರಿಪ್‌ನ ನೀರು ಕಾಲಿನಲ್ಲಿ ಊದಿದಂತೆ ತೊಟ್ಟಿನ ಸುತ್ತಲಿನ ಕಪ್ಪು ಭಾಗದಲ್ಲೂ ಊದಿಕೊಂಡಿತ್ತು.

ಮನೆಯಲ್ಲಿ ಪ್ರತಿ ಸಲ ಹಾಲೂಡಿಕೆ 40-50 ನಿಮಿಷ ನಡೆಯುತ್ತಿತ್ತು. ಐದು ನಿಮಿಷ ಚೀಪಿ ಮಗು ಮಂಪರಿಗೆ ಹೋಗುತ್ತಿತ್ತು. ಕೆಳಗೆ ಮಲಗಿಸಿದ ಇಪ್ಪತ್ತು ನಿಮಿಷಕ್ಕೆ ಅಳು. "ಇಷ್ಟೊತ್ತು ಕುಡಿಸಿದ್ಯಲ್ಲ, ಮತ್ತೆ ಯಾಕೆ ಅಳ್ತಾಳೆ? ಹಾಲೇ ಇಲ್ಲ ಕಣೇ ನಿಂಗೆ" ಎಂದು ತಾಯಿಯ ತಾಯಿಯೇ ಹೇಳಿದರು. ಮಗಳ ಸಂಕಟ ನೋಡಲಾಗದೆ ಹೇಳಿದ ಮಾತು ಅದು, ಕೆಟ್ಟ ಉದ್ದೇಶದಿಂದಲ್ಲ. ಐದನೆಯ ದಿನದ ಹೊತ್ತಿಗೆ ಮಗು ಅಳುವುದನ್ನೂ ಕಡಿಮೆ ಮಾಡಿತು, ಮೂರು ಮೂರೂವರೆ ಗಂಟೆ ಮಲಗತೊಡಗಿತು. ಮನೆಯವರಿಗೆ ಸಮಾಧಾನವಾಯಿತು. ನಿಜಕ್ಕೂ ಹೆದರಬೇಕಾದ ಗಳಿಗೆ ಅದೇ. ಮೊದಲ ವಾರದಲ್ಲಿ ತೂಕ ಇಳಿಯುತ್ತಿರುವ ಮಗು ಸದ್ದಿಲ್ಲದೆ ಮಲಗಿದೆ ಎಂದರೆ ಹೊಟ್ಟೆ ತುಂಬಿದೆ ಎಂದಲ್ಲ, ಹಸಿವೆಂದು ಅಳುವ ಶಕ್ತಿ ಕುಂದುತ್ತಿದೆ ಎಂದು.

ಮೂರನೆಯ ದಿನವೇ ತೂಕ ಶೇ 7ರಷ್ಟು ಇಳಿದಿತ್ತು. ಅಷ್ಟು ಇಳಿಯುವುದು ಸಹಜದ ಅಂಚು, ಅದರಾಚೆ ಹೋದರೆ ಹಾಲೂಡಿಕೆಯನ್ನು ಎದುರಿಗೆ ಕುಳಿತು ನೋಡಬೇಕು. ಇಂಥ ಮಗುವನ್ನು 48 ಗಂಟೆಯೊಳಗೆ ಮತ್ತೆ ತೂಗಲೇಬೇಕಿತ್ತು. ಮನೆಗೆ ಕಳಿಸುವಾಗ ಕೊಟ್ಟ ಮುಂದಿನ ಭೇಟಿಯ ದಿನಾಂಕ ಎರಡು ವಾರದ ನಂತರದ್ದು.

ಆರನೆಯ ದಿನ

ಮೊದಲ ಪ್ರಶ್ನೆ, ಮಗು ಮನೆಯಲ್ಲಿರಲು ಸುರಕ್ಷಿತವೇ? ಮಕ್ಕಳ ವೈದ್ಯರು ನೋಡಿದರು. ಬಾಯಿ ಸ್ವಲ್ಪ ಒಣಗಿತ್ತು, ಮೈಬಿಸಿ ಸರಿಯಿತ್ತು, ಅಂಗಾಲು ತಿಕ್ಕಿದಾಗ ಎಚ್ಚರಗೊಂಡು ಅತ್ತಿತು. ಹಿಂದಿನ 24 ಗಂಟೆಯಲ್ಲಿ ಒದ್ದೆಯಾದ ಡೈಪರ್ ಮೂರು. ಅವುಗಳಲ್ಲಿ ಒಂದರ ಮೇಲೆ ಇಟ್ಟಿಗೆ ಪುಡಿಯ ಬಣ್ಣದ ಕಲೆ. ಇದು ಯೂರಿಕ್ ಆಮ್ಲದ ಹರಳು. ಮೊದಲೆರಡು ದಿನ ಕಂಡರೆ ಚಿಂತೆಯಿಲ್ಲ, ಐದನೆಯ ದಿನ ಕಂಡರೆ ಮಗುವಿಗೆ ಹಾಲು ಸಾಲುತ್ತಿಲ್ಲ ಎಂದೇ ಅರ್ಥ. ಮಲ ಇನ್ನೂ ಕಪ್ಪು ಮಿಶ್ರಿತ ಹಸಿರು. ಸಾಕಷ್ಟು ಹಾಲು ಸಿಗುವ ಮಗುವಿನ ಮಲ ಐದನೆಯ ದಿನಕ್ಕೆ ಸಾಸಿವೆ ಹಳದಿಗೆ ತಿರುಗಿರಬೇಕು, ದಿನಕ್ಕೆ ಮೂರು ಸಲವಾದರೂ ಆಗಬೇಕು. ಒದ್ದೆ ಡೈಪರ್ ಆರು ದಾಟಬೇಕು.

ಕಣ್ಣು, ಎದೆಯ ಮೇಲೆ ಕಾಮಾಲೆಯ ಹಳದಿ ಇತ್ತು. ರಕ್ತದ ಬಿಲಿರುಬಿನ್ (ಆ ಹಳದಿಗೆ ಕಾರಣವಾದ ಅಂಶ), ಆ ವಯಸ್ಸಿಗೆ ಬೆಳಕಿನ ಚಿಕಿತ್ಸೆ ಬೇಕೆನ್ನುವ ಗೆರೆಗಿಂತ ಕೆಳಗಿತ್ತು. ಸೋಡಿಯಂ 147; ನೀರಿನಂಶ ಕಡಿಮೆಯಾಗತೊಡಗಿದೆ ಎನ್ನುವ ಸುಳಿವು, ಆದರೆ ಅಪಾಯದ ಮಟ್ಟವಲ್ಲ. 150 ದಾಟಿದ್ದರೆ, ಮಗು ಎಬ್ಬಿಸಿದರೂ ಏಳದಿದ್ದರೆ, ಜ್ವರವಿದ್ದರೆ, ಎಂಟು ಗಂಟೆ ಮೂತ್ರವೇ ಆಗದಿದ್ದರೆ ಈ ಬರಹದ ಮುಂದಿನ ಭಾಗ ಆಸ್ಪತ್ರೆಯ ವಾರ್ಡಿನಲ್ಲಿ ನಡೆಯುತ್ತಿತ್ತು.

ತಾಯಿಯ ಕಡೆ: ಗರ್ಭಿಣಿಯಾಗಿದ್ದಾಗ ಸ್ತನ ದೊಡ್ಡದಾಗಿತ್ತು, ತೊಟ್ಟಿನ ಸುತ್ತ ಕಪ್ಪಾಗಿತ್ತು. ಎಂದರೆ ಹಾಲಿನ ಗ್ರಂಥಿಗಳು ಬೆಳೆದಿವೆ. ಹೆರಿಗೆಯಲ್ಲಿ ಅತಿ ರಕ್ತಸ್ರಾವ ಆಗಿರಲಿಲ್ಲ, ಮಾಸಿನ ಚೂರು ಒಳಗೆ ಉಳಿದ ಲಕ್ಷಣವಿರಲಿಲ್ಲ, ಥೈರಾಯ್ಡ್ ಸರಿಯಿತ್ತು, ಸ್ತನದ ಶಸ್ತ್ರಚಿಕಿತ್ಸೆ ಯಾವತ್ತೂ ಆಗಿರಲಿಲ್ಲ. ನಿಜವಾಗಿಯೂ ಹಾಲು ಕಡಿಮೆಯಾಗಲು ಇರುವ ಮುಖ್ಯ ಕಾರಣಗಳು ಇವು. ಹಾಲು ಸಾಲದು ಎಂದ ಪ್ರತಿ ತಾಯಿಯಲ್ಲೂ ಇವನ್ನು ಕೇಳಲೇಬೇಕು. ಇವು ಇರುವ ತಾಯಂದಿರೂ ಇದ್ದಾರೆ, ಅವರಿಗೆ "ಇನ್ನೂ ಪ್ರಯತ್ನಿಸಿ" ಎನ್ನುವುದು ಕ್ರೌರ್ಯ.

ಎರಡೂ ತೊಟ್ಟು ಒಡೆದಿದ್ದವು. ಬಲಗಡೆ ಬುಡದಲ್ಲಿ ಅರ್ಧ ಸುತ್ತು ಸೀಳು, ಮುಟ್ಟಿದರೆ ರಕ್ತ. ಮಗು ಎದೆ ಬಿಟ್ಟ ಕ್ಷಣ ತೊಟ್ಟು ಹೊಸ ಲಿಪ್‌ಸ್ಟಿಕ್‌ನ ತುದಿಯಂತೆ ಓರೆಯಾಗಿತ್ತು, ಅದರ ನೆತ್ತಿಯ ಮೇಲೆ ಅಡ್ಡಲಾಗಿ ಬಿಳಿ ಗೆರೆ. ಈ ಎರಡು ಗುರುತು ಕಂಡರೆ ಮಗುವಿನ ಬಾಯೊಳಗೆ ತೊಟ್ಟು ಎಲ್ಲಿದೆ ಎಂದು ನೋಡದೆಯೂ ಹೇಳಬಹುದು: ಮುಂಭಾಗದ ಗಟ್ಟಿ ಅಂಗುಳಕ್ಕೂ ನಾಲಿಗೆಗೂ ನಡುವೆ ಸಿಕ್ಕಿ ನಲುಗುತ್ತಿದೆ. ಹಿಂದಿನ ಮೆತ್ತನೆಯ ಅಂಗುಳದವರೆಗೆ ಹೋಗಿದ್ದರೆ ಬಾಯಿಗೆ ಹೋದಂತೆಯೇ ದುಂಡಗೆ, ಕೊಂಚ ಉದ್ದವಾಗಿ ಹೊರಬರುತ್ತಿತ್ತು.

ಆಮೇಲೆ ಅಳತೆ. 2 ಗ್ರಾಂ ವ್ಯತ್ಯಾಸ ತೋರಿಸುವ ತಕ್ಕಡಿಯಲ್ಲಿ ಮಗುವನ್ನು ಬಟ್ಟೆ, ಡೈಪರ್ ಸಹಿತ ತೂಗಿ, ಹಾಲು ಕುಡಿಸಿ, ಅದೇ ಬಟ್ಟೆ, ಅದೇ ಡೈಪರ್‌ನಲ್ಲಿ ಮತ್ತೆ ತೂಗಲಾಯಿತು. ನಡುವೆ ಡೈಪರ್ ಬದಲಿಸಿದರೆ ಲೆಕ್ಕ ಕೆಟ್ಟಿತು. ಹೆಚ್ಚಿದ ಒಂದು ಗ್ರಾಂ ಎಂದರೆ ಸುಮಾರು ಒಂದು ಮಿ.ಲೀ. ಹಾಲು. 45 ನಿಮಿಷದಲ್ಲಿ ಮಗು ಕುಡಿದದ್ದು 14 ಗ್ರಾಂ. ಅದರ ಬೆನ್ನಲ್ಲೇ ಕೈಯಿಂದ ಮತ್ತು ಪಂಪಿನಿಂದ ತೆಗೆದಾಗ ಎರಡೂ ಕಡೆಯಿಂದ ಬಂದದ್ದು 38 ಮಿ.ಲೀ.

ಬಟ್ಟಲಲ್ಲಿದ್ದ ಹಾಲನ್ನು ತಾಯಿಗೆ ತೋರಿಸಿದಾಗ ಆಕೆ ಅತ್ತರು. ಆರು ದಿನದಿಂದ ಕೇಳಿದ್ದ ಮಾತಿಗೆ ಉತ್ತರ ಅಲ್ಲಿತ್ತು.

ಕುಳಿತ ರೀತಿಯಲ್ಲಿ ಕಂಡದ್ದು

ತಾಯಿ ಮುಂದಕ್ಕೆ ಬಾಗಿ, ಎದೆಯನ್ನು ಮಗುವಿನ ಬಾಯಿಗೆ ಒಯ್ಯುತ್ತಿದ್ದರು. ಮಗುವಿನ ಹೊಟ್ಟೆ ಮೇಲ್ಮುಖವಾಗಿತ್ತು, ಮುಖ ಮಾತ್ರ ಎದೆಯ ಕಡೆ ತಿರುಗಿತ್ತು. ಕತ್ತು ತಿರುಗಿಸಿಕೊಂಡು ನಾವು ಒಂದು ಗುಟುಕು ನೀರು ನುಂಗಿ ನೋಡಿದರೂ ಅದು ಎಷ್ಟು ಕಷ್ಟ ಎಂದು ತಿಳಿಯುತ್ತದೆ. ಹಿಂದಿನಿಂದ ತಲೆಯನ್ನು ಒತ್ತುತ್ತಿದ್ದರು. ತಲೆ ಒತ್ತಿದರೆ ಗದ್ದ ಎದೆಗೆ ಬದಲು ಮಗುವಿನ ಕತ್ತಿಗೆ ತಾಗುತ್ತದೆ, ಬಾಯಿ ಅಗಲವಾಗುವುದಿಲ್ಲ, ಮೂಗು ಮುಚ್ಚುತ್ತದೆ, ಮಗು ಹಿಂದಕ್ಕೆ ಸೆಟೆಯುತ್ತದೆ. "ಎದೆ ಬೇಡ ಅಂತಾಳೆ" ಎಂದು ಮನೆಯವರು ಅಂದುಕೊಂಡದ್ದು ಈ ಸೆಟೆತವನ್ನೇ. ಇದರ ಜೊತೆಗೆ ಊದಿದ ಕಪ್ಪು ಭಾಗ ಗಟ್ಟಿಯಾಗಿ, ತೊಟ್ಟು ಅದರೊಳಗೆ ಚಪ್ಪಟೆಯಾಗಿ ಹುದುಗಿತ್ತು. ಹಿಡಿದರೂ ಜಾರುತ್ತಿತ್ತು.

ನಾಲಿಗೆಯ ಕೆಳಗಿನ ಪೊರೆಯನ್ನೂ ನೋಡಲಾಯಿತು. ಯಾರೋ ಪರಿಚಿತರು "ನಾಲಿಗೆ ಅಂಟಿದೆ, ಕತ್ತರಿಸಿಸಿ" ಎಂದಿದ್ದರು. ನಾಲಿಗೆ ಕೆಳ ಒಸಡನ್ನು ದಾಟಿ ಹೊರಬರುತ್ತಿತ್ತು, ಅಳುವಾಗ ಮೇಲಕ್ಕೂ ಏಳುತ್ತಿತ್ತು, ಬೆರಳು ಕೊಟ್ಟರೆ ಅದನ್ನು ಬಟ್ಟಲಿನಂತೆ ಸುತ್ತಿಕೊಳ್ಳುತ್ತಿತ್ತು. ಕತ್ತರಿಸಲಿಲ್ಲ. ಪೊರೆ ಕಣ್ಣಿಗೆ ಕಾಣುವುದು ರೋಗವಲ್ಲ. ನಾಲಿಗೆ ಕೆಲಸ ಮಾಡದಿದ್ದರೆ ಮತ್ತು ಮಗು ಎದೆಯನ್ನು ಬಾಯಲ್ಲಿ ಹಿಡಿಯುವ ರೀತಿಯನ್ನು, ಎಂದರೆ ಹಿಡಿತವನ್ನು, ತಿದ್ದಿದ ಮೇಲೂ ನೋವು, ತೂಕದ ಸಮಸ್ಯೆ ಉಳಿದರೆ ಮಾತ್ರ ಆ ಮಾತು. ಹಿಡಿತವನ್ನೇ ನೋಡದೆ ಕತ್ತರಿಗೆ ಕೈ ಹಾಕುವ ಆತುರ ಈಗ ಹೆಚ್ಚಾಗಿದೆ.

ಹಿಡಿತ ತಿದ್ದಿದ ಬಗೆ

ಊತ ಇಳಿಸದೆ ಹಿಡಿತ ಬರುವುದಿಲ್ಲ. ಎರಡೂ ಕೈಯ ಬೆರಳ ತುದಿಗಳನ್ನು ತೊಟ್ಟಿನ ಬುಡಕ್ಕೆ ತಾಗುವಂತೆ ಸುತ್ತಲೂ ಇಟ್ಟು, ನೇರವಾಗಿ ಎದೆಗೂಡಿನ ಕಡೆಗೆ ಮೆತ್ತಗೆ, ಬಿಡದೆ ಒಂದು ನಿಮಿಷ ಒತ್ತಬೇಕು. ಊತ ಹೆಚ್ಚಿದ್ದರೆ ಎರಡು ಮೂರು ನಿಮಿಷ. ನೋವಾಗಬಾರದು. ಬೆರಳು ತೆಗೆದಾಗ ಸುತ್ತ ಸಣ್ಣ ಕುಳಿಗಳು ಉಳಿಯುತ್ತವೆ: ನೀರು ಹಿಂದಕ್ಕೆ ಸರಿದಿದೆ, ಮಗುವಿನ ಬಾಯಿಗೆ ಸಿಗುವ ಭಾಗ ಮೆತ್ತಗಾಗಿದೆ. ಊದಿದ ಎದೆಗೆ ನೇರ ಪಂಪ್ ಹಚ್ಚಿದರೆ ಅದು ನೀರನ್ನು ಇನ್ನಷ್ಟು ಮುಂದಕ್ಕೆ ಎಳೆದು ತೊಟ್ಟನ್ನು ಮತ್ತೂ ಹೂತುಹಾಕುತ್ತದೆ. ಆದ್ದರಿಂದ ಮೊದಲು ಒತ್ತುವುದು, ಆಮೇಲೆ ಕೈಯಿಂದ ನಾಲ್ಕಾರು ಹನಿ ಹಿಂಡುವುದು, ಆಮೇಲೆ ಮಗು.

ಕೈಯಿಂದ ಹಿಂಡುವಾಗ ಹೆಬ್ಬೆರಳು ಮೇಲೆ, ಎರಡು ಬೆರಳು ಕೆಳಗೆ, ತೊಟ್ಟಿನ ಬುಡದಿಂದ ಎರಡು ಮೂರು ಸೆಂ.ಮೀ. ಹಿಂದೆ. ಎದೆಗೂಡಿನ ಕಡೆ ಒತ್ತಿ, ಬೆರಳುಗಳನ್ನು ಒಂದಕ್ಕೊಂದು ಕೂಡಿಸಿ, ಬಿಡಬೇಕು. ಚರ್ಮದ ಮೇಲೆ ಬೆರಳು ಜಾರಬಾರದು, ತೊಟ್ಟನ್ನೇ ಹಿಂಡಬಾರದು.

ಸಿಜೇರಿಯನ್ ಗಾಯದ ಮೇಲೆ ಭಾರ ಬೀಳದಂತೆ ಮಗುವನ್ನು ಕಂಕುಳ ಪಕ್ಕದಲ್ಲಿ ಹಿಡಿಯುವ ಭಂಗಿ ಆರಿಸಲಾಯಿತು. ತಾಯಿ ಹಿಂದಕ್ಕೆ ಒರಗಿ ಕುಳಿತರು, ಬೆನ್ನಿಗೂ ಮೊಣಕೈಗೂ ದಿಂಬು. ಮಗುವಿನ ಕಾಲು ತಾಯಿಯ ಬೆನ್ನ ಹಿಂದಕ್ಕೆ, ಹೊಟ್ಟೆ ತಾಯಿಯ ಪಕ್ಕೆಗೆ ಒತ್ತಿಕೊಂಡಂತೆ. ಅಂಗೈ ಮಗುವಿನ ಭುಜಗಳ ನಡುವೆ, ಹೆಬ್ಬೆರಳು ಮತ್ತು ಬೆರಳು ಕಿವಿಯ ಕೆಳಗೆ. ತಲೆಯ ಹಿಂಭಾಗಕ್ಕೆ ಕೈಯಿಲ್ಲ. ಮೂಗು ತೊಟ್ಟಿನ ನೇರಕ್ಕೆ. ತೊಟ್ಟಿನಿಂದ ಮೇಲ್ದುಟಿಯನ್ನು ಸವರಿದಾಗ ಮಗು ತಲೆ ಕೊಂಚ ಹಿಂದಕ್ಕೆ ಮಾಡಿ ಬಾಯಿ ತೆರೆಯಿತು. ಮೊದಲ ಸಲ ತೆರೆದದ್ದು ಅರ್ಧ. "ಈಗ ಬೇಡ, ಕಾಯಿರಿ" ಎಂದರು ಸಲಹೆಗಾರ್ತಿ. ಎರಡನೆಯ ಸಲವೂ ಅಷ್ಟೇ. ಮೂರನೆಯ ಸಲ ಆಕಳಿಸುವಷ್ಟು ಅಗಲ ತೆರೆಯಿತು. "ಈಗ. ಮಗುವನ್ನು ಎದೆಗೆ ತನ್ನಿ, ಎದೆಯನ್ನು ಮಗುವಿಗೆ ಒಯ್ಯಬೇಡಿ." ಭುಜದಿಂದ ಒಂದೇ ಸಲ ಹತ್ತಿರ ಎಳೆದಾಗ ಮೊದಲು ಗದ್ದ ತಾಗಿತು, ಕೆಳದುಟಿ ಕಪ್ಪು ಭಾಗದ ಬಹುಪಾಲನ್ನು ಒಳಗೆ ತೆಗೆದುಕೊಂಡಿತು, ಮೇಲ್ದುಟಿಯ ಮೇಲೆ ಮಾತ್ರ ಕಪ್ಪು ಉಳಿಯಿತು. ಕೆಳದುಟಿ ಹೊರಕ್ಕೆ ಮಡಚಿತ್ತು. ಕೆನ್ನೆ ತುಂಬಿತ್ತು, ಗುಳಿ ಬೀಳುತ್ತಿರಲಿಲ್ಲ. ಆರೇಳು ಸಲ ಬೇಗ ಬೇಗ ಚೀಪಿದ ಮೇಲೆ ಚೀಪುವಿಕೆ ನಿಧಾನವಾಯಿತು, ಗದ್ದ ಕೆಳಗಿಳಿದು ಕ್ಷಣ ನಿಲ್ಲತೊಡಗಿತು, ಹಿಂದೆಯೇ ನುಂಗುವ ಸಣ್ಣ ಸದ್ದು. ಆ ಗದ್ದ ನಿಲ್ಲುವ ಕ್ಷಣವೇ ಬಾಯಿ ತುಂಬ ಹಾಲು ಬಂದದ್ದರ ಗುರುತು. ಗಡಿಯಾರ ನೋಡುವ ತಾಯಿಗಿಂತ ಗದ್ದ ನೋಡುವ ತಾಯಿಗೆ ಹೆಚ್ಚು ತಿಳಿಯುತ್ತದೆ.

ಮೊದಲ ಅರ್ಧ ನಿಮಿಷ ನೋವಿತ್ತು, ಆಮೇಲೆ ಇಳಿಯಿತು. ಒಡೆದ ತೊಟ್ಟಿಗೆ ಅಷ್ಟು ಸಹಜ. ಕೊನೆಯವರೆಗೂ ಉಳಿಯುವ ನೋವು ಸಹಜವಲ್ಲ. ಹಾಗಾದರೆ ಮಗುವಿನ ಬಾಯಿಯ ಮೂಲೆಯಿಂದ ಶುದ್ಧ ಬೆರಳು ತೂರಿಸಿ ಹಿಡಿತ ಬಿಡಿಸಿ ಮತ್ತೆ ಹಿಡಿಸಬೇಕು. ಚೀಪುವಿಕೆ ಮಂದವಾದಾಗ ಎದೆಯನ್ನು ಹಿಂಭಾಗದಲ್ಲಿ ಹಿಡಿದು ಒತ್ತಿ ಹಾಲು ತಳ್ಳಿಕೊಟ್ಟರೆ ಮಗು ಮತ್ತೆ ನುಂಗುತ್ತದೆ. ಆ ದಿನದ ಎರಡನೆಯ ತೂಗುವಿಕೆಯಲ್ಲಿ 25 ನಿಮಿಷಕ್ಕೆ 26 ಗ್ರಾಂ.

ಗಾಯಕ್ಕೆ: ಹಾಲೂಡಿದ ಮೇಲೆ ನಾಲ್ಕು ಹನಿ ಹಾಲು ಸವರಿ ಆರಲು ಬಿಟ್ಟು, ಮೇಲೆ ಶುದ್ಧ ಲ್ಯಾನೊಲಿನ್ ತೆಳುವಾಗಿ. ಸೋಪು ಬೇಡ. ಬಲಗಡೆ ತೀರಾ ನೋವಿದ್ದ ಮೊದಲೆರಡು ದಿನ ಆ ಕಡೆ ಕೈಯಿಂದ ಹಿಂಡಿ ತೆಗೆದು, ಎಡಗಡೆ ಮಾತ್ರ ಕುಡಿಸಲಾಯಿತು.

ಹೊಟ್ಟೆ ತುಂಬಿಸುವ ಲೆಕ್ಕ

ಹಿಡಿತ ಒಂದು ದಿನಕ್ಕೆ ಸರಿಯಾಗುವುದಿಲ್ಲ, ಮಗು ಅಲ್ಲಿಯವರೆಗೆ ಕಾಯುವುದಿಲ್ಲ. ಮೊದಲು ಮಗುವಿನ ಹೊಟ್ಟೆ, ಆಮೇಲೆ ತಾಯಿಯ ಹಾಲು ಬತ್ತದಂತೆ ಕಾಯುವುದು, ಮೂರನೆಯದು ಹಿಡಿತ. ಮೂರೂ ಒಟ್ಟಿಗೆ ನಡೆಯಬೇಕು, ಎಳೆದಾಟವಾದಾಗ ಈ ಕ್ರಮದಲ್ಲಿ ಆರಿಸಬೇಕು.

ಮೊದಲ ವಾರದ ಕೊನೆಗೆ ಮಗುವಿಗೆ ದಿನಕ್ಕೆ ಪ್ರತಿ ಕಿಲೋಗೆ ಸುಮಾರು 150 ಮಿ.ಲೀ. ಹಾಲು ಬೇಕು. ಲೆಕ್ಕ ಹಾಕುವುದು ಹುಟ್ಟಿದಾಗಿನ ತೂಕದ ಮೇಲೆ: 3.12 ಕಿಲೋಗೆ ಸುಮಾರು 470 ಮಿ.ಲೀ. ದಿನಕ್ಕೆ ಒಂಬತ್ತು ಸಲ ಎಂದರೆ ಒಂದು ಸಲಕ್ಕೆ 52. ಎದೆಯಿಂದ ಖಾತರಿಯಾಗಿ ಸಿಗುತ್ತಿದ್ದದ್ದು 14. ಉಳಿದ 40 ಮಿ.ಲೀ. ಪ್ರತಿ ಸಲ ಮೇಲಿಂದ ಕೊಡಬೇಕು, ಮೊದಲು ತಾಯಿಯದೇ ಹಿಂಡಿದ ಹಾಲು, ಸಾಲದಷ್ಟಕ್ಕೆ ಪುಡಿಹಾಲು. ಮೊದಲ ದಿನ 160 ಮಿ.ಲೀ. ಪುಡಿಹಾಲು ಬೇಕಾಯಿತು, ಮರುದಿನ 80, ಒಂಬತ್ತನೆಯ ದಿನದಿಂದ ಬೇಕಾಗಲಿಲ್ಲ. ಪುಡಿಯನ್ನು ಡಬ್ಬಿಯ ಮೇಲಿನ ಅಳತೆಗೇ ಬೆರೆಸಬೇಕು. ನೀರು ಕುದಿಸಿ, 70 ಡಿಗ್ರಿಗಿಂತ ಕೆಳಗಿಳಿಯುವ ಮೊದಲೇ ಪುಡಿ ಹಾಕಿ, ಆಮೇಲೆ ಆರಿಸಬೇಕು. ಪುಡಿ ಕ್ರಿಮಿರಹಿತವಲ್ಲ, ಆ ಬಿಸಿಯೇ ಅದನ್ನು ಸುರಕ್ಷಿತವಾಗಿಸುವುದು. ತೆಳು ಮಾಡಿ ಉಳಿಸಲು ಹೋಗಬಾರದು.

ಹಗಲು ಸಣ್ಣ ಬಟ್ಟಲಿನಲ್ಲಿ ಕೊಟ್ಟರು. ಮಗುವನ್ನು ನೆಟ್ಟಗೆ ಕೂರಿಸಿ, ಅಂಚು ಕೆಳದುಟಿಗೆ ತಾಗಿಸಿ, ಹಾಲು ತುಟಿ ಮುಟ್ಟುವಷ್ಟು ಬಾಗಿಸಿದರೆ ಮಗು ತಾನೇ ನೆಕ್ಕಿಕೊಳ್ಳುತ್ತದೆ. ಬಾಯಿಗೆ ಸುರಿದರೆ ನೆತ್ತಿಗೇರುತ್ತದೆ. ರಾತ್ರಿ ನಿಧಾನ ಹರಿಯುವ ನಿಪ್ಪಲ್ ಇರುವ ಬಾಟಲಿ: ಮಗು ನೆಟ್ಟಗೆ, ಬಾಟಲಿ ನೆಲಕ್ಕೆ ಸಮನಾಗಿ, ನಾಲ್ಕೈದು ಗುಟುಕಿಗೊಮ್ಮೆ ಬಾಟಲಿ ತಗ್ಗಿಸಿ ಉಸಿರಾಡಲು ಬಿಡುವು. 40 ಮಿ.ಲೀ. ಹತ್ತು ಹದಿನೈದು ನಿಮಿಷ ಹಿಡಿಯಬೇಕು. ಬಾಟಲಿಯೇ ಬೇಡ ಎನ್ನುವ ಹಟ ದಣಿದ ಮನೆಯಲ್ಲಿ ಎದೆಹಾಲನ್ನು ಉಳಿಸುವುದಿಲ್ಲ, ಅವಸರದ ಬಾಟಲಿಯೂ ಉಳಿಸುವುದಿಲ್ಲ.

ಒಂದು ಸರದಿ ಹೀಗಿತ್ತು: ಎದೆ 20-25 ನಿಮಿಷ, ಆಮೇಲೆ ಅಪ್ಪ ಮೇಲುಹಾಲು ಕೊಡುವಾಗಲೇ ತಾಯಿ ಎರಡೂ ಕಡೆ 15 ನಿಮಿಷ ಪಂಪ್. ಒಟ್ಟು 45 ನಿಮಿಷ, ಹೆಚ್ಚೆಂದರೆ ಒಂದು ಗಂಟೆ. ಆರಂಭದಿಂದ ಆರಂಭಕ್ಕೆ ಎರಡೂವರೆ ಗಂಟೆ, ಆಮೇಲೆ ತಾಯಿಗೆ ಉಳಿಯುವುದು ಒಂದೂವರೆ ಗಂಟೆ. ಒಬ್ಬರೇ ಮೂರನ್ನೂ ಮಾಡಿದರೆ ಆ ಒಂದೂವರೆಯೂ ಉಳಿಯುವುದಿಲ್ಲ. ಈ ತ್ರಿವಳಿ ಕೆಲಸಕ್ಕೆ ಕೊನೆಯ ದಿನಾಂಕ ಇಡದೆ ಯಾವ ತಾಯಿಗೂ ಹೇಳಬಾರದು. ಇಲ್ಲಿ ಮೊದಲೇ ಹೇಳಲಾಗಿತ್ತು: ಎರಡು ದಿನಕ್ಕೆ ಮರುತೂಕ, ಐದು ದಿನಕ್ಕೆ ಯೋಜನೆ ಬದಲು. ರಾತ್ರಿಯ ಒಂದು ಸರದಿಯನ್ನು ಪೂರ್ತಿ ಅಪ್ಪನಿಗೆ ಬಿಟ್ಟು, ತಾಯಿಗೆ ನಾಲ್ಕು ಗಂಟೆ ಸತತ ನಿದ್ದೆ. ಹಿಂಡಿದ ಹಾಲು ತಂಪಾದ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್‌ನ ಒಳಭಾಗದಲ್ಲಿ ನಾಲ್ಕು ದಿನ ಇರುತ್ತದೆ. ಬಾಗಿಲಿನಲ್ಲಿ ಇಡಬಾರದು.

ಎಂಟನೆಯ ದಿನ 2,880 ಗ್ರಾಂ. ಮಲ ಹಳದಿ, ಡೈಪರ್ ಏಳು. ಹನ್ನೊಂದನೆಯ ದಿನ 2,985, ಎದೆಯಿಂದಲೇ 22 ನಿಮಿಷಕ್ಕೆ 52 ಗ್ರಾಂ. ಮೇಲುಹಾಲು ಸಂಜೆ ಎರಡು ಸಲಕ್ಕೆ ಇಳಿಯಿತು, ಹದಿನಾಲ್ಕಕ್ಕೆ ನಿಂತಿತು. ಹದಿನಾರನೆಯ ದಿನ 3,135. ಹುಟ್ಟಿದಾಗಿನ ತೂಕ ದಾಟಿತು. ಸಾಮಾನ್ಯವಾಗಿ ಹತ್ತರಿಂದ ಹದಿನಾಲ್ಕು ದಿನಕ್ಕೆ ದಾಟಬೇಕಾದದ್ದು ಎರಡು ದಿನ ತಡವಾಗಿ.

ಹತ್ತೊಂಬತ್ತನೆಯ ದಿನದ ಜ್ವರ

ಮೇಲುಹಾಲು ನಿಂತರೂ ತಾಯಿ ಪಂಪ್ ನಿಲ್ಲಿಸಲಿಲ್ಲ. ಕಡಿಮೆ ಮಾಡಿ ಎಂದು ಹನ್ನೊಂದನೆಯ ದಿನವೇ ಹೇಳಲಾಗಿತ್ತು. ಆದರೆ ಒಮ್ಮೆ "ಹಾಲಿಲ್ಲ" ಎನಿಸಿಕೊಂಡವರಿಗೆ ಫ್ರಿಜ್ ತುಂಬ ಹಾಲು ಕಂಡರೆ ಧೈರ್ಯ. ದಿನಕ್ಕೆ 300 ಮಿ.ಲೀ. ಹೆಚ್ಚುವರಿ. ಎದೆಗೆ ಇದು ಎರಡನೆಯ ಮಗುವಿದೆ ಎಂಬ ಸಂದೇಶ. ಪಂಪಿನೊಂದಿಗೆ ಬಂದ, ಎದೆಗೆ ಹಚ್ಚುವ ಫನಲ್ 24 ಮಿ.ಮೀ.ನದು, ಆಕೆಯ ತೊಟ್ಟಿನ ಅಗಲ 17. ಅಷ್ಟು ದೊಡ್ಡ ಫನಲ್‌ನಲ್ಲಿ ತೊಟ್ಟಿನ ಜೊತೆ ಸುತ್ತಲಿನ ಚರ್ಮವೂ ಒಳಗೆ ಎಳೆದು ಊದುತ್ತದೆ. ತೊಟ್ಟಿನ ಅಗಲಕ್ಕೆ ಸೊನ್ನೆಯಿಂದ ಮೂರು ಮಿ.ಮೀ. ಕೂಡಿಸಿದ ಅಳತೆ ಸಾಕು, ಇಲ್ಲಿ 19.

ಹತ್ತೊಂಬತ್ತನೆಯ ದಿನ ಬಲ ಸ್ತನದ ಹೊರಭಾಗದಲ್ಲಿ ಬೆಣೆಯಾಕಾರದ ಕೆಂಪು, ಬಿಸಿ, ಗಟ್ಟಿ: ಸ್ತನದ ಉರಿಯೂತ. ಜ್ವರ 38.6 ಡಿಗ್ರಿ, ಮೈಕೈ ನೋವು, ನಡುಕ. ಮನೆಯವರು ಬಿಸಿ ಬಟ್ಟೆ ಹಾಕಿ, ಗಂಟು ಕರಗಲೆಂದು ಜೋರಾಗಿ ತಿಕ್ಕಿ, ಪಂಪಿನಿಂದ "ಪೂರ್ತಿ ಖಾಲಿ" ಮಾಡಿಸಿದರು. ಬಹುಕಾಲ ಎಲ್ಲೆಡೆ ಹೇಳುತ್ತಿದ್ದದ್ದೇ ಅದು. ರಾತ್ರಿಗೆ ಕೆಂಪು ಇಮ್ಮಡಿಯಾಯಿತು. ಅಕಾಡೆಮಿ ಆಫ್ ಬ್ರೆಸ್ಟ್‌ಫೀಡಿಂಗ್ ಮೆಡಿಸಿನ್ 2022ರಲ್ಲಿ ತಿದ್ದಿದ ಮಾರ್ಗಸೂಚಿ ಆ ಹಳೆಯ ಸಲಹೆಯನ್ನು ತಲೆಕೆಳಗು ಮಾಡಿದೆ. ನಾಳದ ಸುತ್ತಲಿನ ಊತವೇ ಹಾಲನ್ನು ತಡೆಯುವುದು. ತಿಕ್ಕಿದರೆ ಅಂಗಾಂಶ ಜಜ್ಜಿ ಊತ ಹೆಚ್ಚುತ್ತದೆ, ಹೆಚ್ಚು ಹಿಂಡಿದರೆ ಹೆಚ್ಚು ಹಾಲು ಬರುತ್ತದೆ.

ಮಾಡಿದ್ದು ಇಷ್ಟು: ಬಟ್ಟೆಯಲ್ಲಿ ಸುತ್ತಿದ ಐಸ್, ಒಂದೆರಡು ಗಂಟೆಗೊಮ್ಮೆ ಹತ್ತು ಹದಿನೈದು ನಿಮಿಷ. ವೈದ್ಯರು ಹೇಳಿದಂತೆ ಐಬುಪ್ರೊಫೆನ್ 400 ಮಿ.ಗ್ರಾಂ. ಎಂಟು ಗಂಟೆಗೊಮ್ಮೆ, ಹಾಲೂಡುವ ತಾಯಿಗೆ ಅದು ಸಲ್ಲುತ್ತದೆ. ಮಗುವಿಗೆ ಎರಡೂ ಕಡೆ ಎಂದಿನಂತೆ ಹಾಲು. ಹೆಚ್ಚುವರಿ ಪಂಪ್ ಇಲ್ಲ, ತಿಕ್ಕುವುದಿಲ್ಲ. ಬೇಕೆನಿಸಿದರೆ ಕಂಕುಳ ಕಡೆಗೆ ಚರ್ಮದ ಮೇಲೆ ಸವರುವಷ್ಟು ಹಗುರ ಕೈ. 24 ಗಂಟೆಯಲ್ಲಿ ಇಳಿಯದಿದ್ದರೆ ಆ್ಯಂಟಿಬಯಾಟಿಕ್ ಎಂದು ಗಡುವು. ಮರುದಿನ ಮಧ್ಯಾಹ್ನದ ಹೊತ್ತಿಗೆ ಜ್ವರ ಇಳಿದಿತ್ತು, ಕೆಂಪು ಮಾಸುತ್ತಿತ್ತು. ಆ್ಯಂಟಿಬಯಾಟಿಕ್ ಬೇಕಾಗಲಿಲ್ಲ. ಜ್ವರ ಇಳಿದ ಮೇಲೂ ಒಂದೇ ಜಾಗದಲ್ಲಿ ಗಟ್ಟಿ ಗಂಟು ಉಳಿದರೆ ಕೀವು ಕಟ್ಟಿದೆಯೇ ಎಂದು ಅಲ್ಟ್ರಾಸೌಂಡ್ ಮಾಡಿಸಬೇಕು, ಇಲ್ಲಿ ಆ ಸ್ಥಿತಿ ಬರಲಿಲ್ಲ. ಪಂಪನ್ನು ಎರಡು ಮೂರು ದಿನಕ್ಕೆ ಒಂದು ಸರದಿಯಂತೆ ಬಿಟ್ಟು, ನಾಲ್ಕನೆಯ ವಾರಕ್ಕೆ ಪೂರ್ತಿ ನಿಲ್ಲಿಸಿದರು.

ಇದೇ ದಿನಗಳಲ್ಲಿ ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ಮಗು ಮುಕ್ಕಾಲು ಗಂಟೆಗೊಮ್ಮೆ ಎದೆ ಕೇಳತೊಡಗಿತು. ಮನೆಯಲ್ಲಿ ಮತ್ತೆ ಹಳೆಯ ಮಾತು. ಸಂಜೆ ಹೀಗೆ ಒತ್ತೊತ್ತಾಗಿ ಕುಡಿಯುವುದು ಎರಡು ಮೂರು ವಾರದ ಶಿಶುಗಳ ರೂಢಿ. ದಿನಕ್ಕೆ 30 ಗ್ರಾಂ ಏರುತ್ತಿರುವ, ಏಳು ಡೈಪರ್ ಒದ್ದೆ ಮಾಡುವ ಮಗುವಿಗೆ ಹಾಲು ಸಾಲುತ್ತಿದೆ. ಈ ಸಲ ಅಜ್ಜಿಯೇ ಡೈಪರ್ ಎಣಿಸಿ ಚೀಟಿಯಲ್ಲಿ ಬರೆದಿಟ್ಟಿದ್ದರು.

ತಾಯಿಯ ಮನಸ್ಸು

ಮೂರನೆಯ ದಿನದಿಂದ ಎರಡು ವಾರದವರೆಗೆ ಸುಮ್ಮನೆ ಅಳು ಬರುವುದು ಬಹುಪಾಲು ಬಾಣಂತಿಯರಿಗೆ ಆಗುವಂಥದ್ದು, ತಾನಾಗಿ ಹೋಗುತ್ತದೆ. ಈಕೆಗೆ ಮೂರನೆಯ ವಾರವೂ ಹೋಗಲಿಲ್ಲ. ಮಗು ಮಲಗಿದಾಗಲೂ ನಿದ್ದೆ ಬರುತ್ತಿರಲಿಲ್ಲ, ಉಸಿರಾಡುತ್ತಿದೆಯೇ ಎಂದು ಮತ್ತೆ ಮತ್ತೆ ನೋಡುವುದು. "ಒಂದು ಮಗೂಗೆ ಹಾಲು ಕೊಡೋಕಾಗದವಳು" ಎಂದು ತನ್ನನ್ನೇ ಕರೆದುಕೊಳ್ಳುತ್ತಿದ್ದರು. ಹಾಲು ಸರಿಹೋದ ಮೇಲೂ ಹೀಗೆ. ಹಾಲಿನ ಸಮಸ್ಯೆ ಬಗೆಹರಿದರೆ ಮನಸ್ಸೂ ಸರಿಹೋಗುತ್ತದೆ ಎಂದು ಬಿಟ್ಟುಬಿಡುವ ಅಪಾಯ ಇಲ್ಲೇ ಇರುವುದು.

ಇಪ್ಪತ್ತೊಂದನೆಯ ದಿನ ಎಡಿನ್‌ಬರೋ ಪ್ರಶ್ನಾವಳಿ ತುಂಬಿಸಲಾಯಿತು. 1987ರಿಂದ ಬಳಕೆಯಲ್ಲಿರುವ ಹತ್ತು ಪ್ರಶ್ನೆಗಳ ಪಟ್ಟಿ, ಒಟ್ಟು 30 ಅಂಕ. ಬಂದದ್ದು 14. ಅಂಕ 13 ಅಥವಾ ಮೇಲಾದರೆ ಖಿನ್ನತೆ ಇರುವ ಸಾಧ್ಯತೆ ಹೆಚ್ಚು. ಹತ್ತನೆಯ ಪ್ರಶ್ನೆ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಅಲ್ಲಿ ಸೊನ್ನೆ ಬಿಟ್ಟು ಬೇರೇನೇ ಬಂದರೂ, ಒಟ್ಟು ಅಂಕ ಎಷ್ಟೇ ಇರಲಿ, ಆ ದಿನವೇ ವೈದ್ಯರ ಮುಂದೆ ಕೂರಿಸಬೇಕು. ಇಲ್ಲಿ ಸೊನ್ನೆಯಿತ್ತು. ಪಟ್ಟಿ ರೋಗನಿರ್ಣಯವಲ್ಲ, ಬಾಗಿಲು ತಟ್ಟಲು ಒಂದು ಕಾರಣ ಮಾತ್ರ. ಮನೋವೈದ್ಯರು ನೋಡಿ, ವಾರಕ್ಕೊಮ್ಮೆ ಆಪ್ತಸಮಾಲೋಚನೆ, ರಾತ್ರಿ ಐದು ಗಂಟೆಯ ಕಾಯ್ದಿಟ್ಟ ನಿದ್ದೆ, ಎರಡು ವಾರಕ್ಕೆ ಮರುಪರೀಕ್ಷೆ ಎಂದರು. ಮಾತ್ರೆ ಬೇಕಾದರೂ ಹಾಲು ಬಿಡಿಸಬೇಕಿಲ್ಲ ಎಂದು ಮೊದಲೇ ತಿಳಿಸಿದರು. ಸರ್ಟ್ರಲಿನ್‌ನಂಥವು ಹಾಲಿಗೆ ಸೇರುವುದು ಬಹಳ ಕಡಿಮೆ. ಹಾಲು ಬಿಡಿಸುತ್ತಾರೆಂಬ ಹೆದರಿಕೆಗೇ ಎಷ್ಟೋ ತಾಯಂದಿರು ಬಾಯಿ ಬಿಡುವುದಿಲ್ಲ. ಈಕೆಗೆ ಮಾತ್ರೆ ಬೇಕಾಗಲಿಲ್ಲ. ಆರನೆಯ ವಾರ ಅಂಕ 7.

ರಾತ್ರಿ ಸೋಫಾದ ಮೇಲೆ ಕುಳಿತು ಹಾಲೂಡುತ್ತಾ ನಿದ್ದೆಗೆ ಜಾರುತ್ತಿದ್ದೇನೆ ಎಂದು ಆಕೆ ಹೇಳಿದ್ದು ಆ ಮಾತುಕತೆಯಲ್ಲೇ. ಮಗು ಸಿಕ್ಕಿಹಾಕಿಕೊಂಡು ಉಸಿರುಗಟ್ಟಲು ಸೋಫಾದಷ್ಟು ಅಪಾಯದ ಜಾಗ ಇನ್ನೊಂದಿಲ್ಲ. ಅಂದಿನಿಂದ ರಾತ್ರಿಯ ಹಾಲೂಡಿಕೆ ಗಟ್ಟಿ ಹಾಸಿಗೆಯ ಮೇಲೆ, ದಿಂಬು ಹೊದಿಕೆ ದೂರ ಸರಿಸಿ, ಮುಗಿದ ಮೇಲೆ ಮಗು ತನ್ನದೇ ತೊಟ್ಟಿಲಿಗೆ, ಅಂಗಾತ.

ಆರನೆಯ ವಾರದ ಕಡತ

ಮಗು 3,940 ಗ್ರಾಂ. ಪೂರ್ತಿ ಎದೆಹಾಲು, ದಿನಕ್ಕೆ ಒಂಬತ್ತು ಸಲ. ಬಲಗಡೆಯ ಸೀಳು ಹದಿನೈದನೆಯ ದಿನಕ್ಕೆ ಮಾಗಿತ್ತು. ಬಲಗಡೆ ಎಡಗಡೆಗಿಂತ ಕಡಿಮೆ ಹಾಲು ಬರುತ್ತದೆ, ಹಾಗೇ ಉಳಿಯಬಹುದು. ಒಟ್ಟು ಸಾಕಾಗುವವರೆಗೆ ಅದಕ್ಕೆ ಏನೂ ಮಾಡಬೇಕಿಲ್ಲ. ಮಗುವಿಗೆ ದಿನವೂ 400 ಐಯು ವಿಟಮಿನ್ ಡಿ ಹನಿ ಮುಂದುವರಿಕೆ. ಗರ್ಭನಿರೋಧಕ ಕೇಳಿದ್ದಕ್ಕೆ ಈಸ್ಟ್ರೊಜನ್ ಇರುವ ಮಾತ್ರೆ ಸದ್ಯಕ್ಕೆ ಬೇಡ ಎಂದು ಬರೆಯಲಾಗಿದೆ, ಹಾಲು ಕಡಿಮೆಯಾಗಬಹುದು. ಶೀತಕ್ಕೆ ಅಂಗಡಿಯಿಂದ ತರುವ ಮಾತ್ರೆಗಳಲ್ಲಿ ಸ್ಯೂಡೋಎಫೆಡ್ರಿನ್ ಇದೆಯೇ ಎಂದು ನೋಡಬೇಕು, ಅದೂ ಹಾಲು ತಗ್ಗಿಸುತ್ತದೆ.

ಮುಂದಿನ ಹೆರಿಗೆಗೆಂದು ಕಡತದ ಮೇಲ್ಪುಟದಲ್ಲಿ ಸೇರಿಸಿದ ಸಾಲುಗಳು: ಎದೆ ತುಂಬುವುದು ತಡವಾದ ಇತಿಹಾಸ ಇದೆ. ಶಸ್ತ್ರಚಿಕಿತ್ಸೆಯಾದರೂ ಮಗು ಮೊದಲ ಗಂಟೆಯಲ್ಲೇ ಎದೆಯ ಮೇಲೆ ಇರಲಿ. ಮಗು ಚೀಪದಿದ್ದರೆ ಆರು ಗಂಟೆ ಕಳೆಯುವ ಮೊದಲೇ ಕೈಯಿಂದ ಹಿಂಡಿ ಚಮಚದಲ್ಲಿ ಕೊಡಿ, ಮೂರು ಗಂಟೆಗೊಮ್ಮೆ ಮುಂದುವರಿಸಿ. ಮೇಲುಹಾಲು ಬೇಕಾದರೆ ಆ ದಿನದ ವಯಸ್ಸಿಗೆ ತಕ್ಕ ಪ್ರಮಾಣ ಮಾತ್ರ, ಕೊಟ್ಟಷ್ಟೂ ಸಲ ತಾಯಿಯಿಂದ ಹಿಂಡಿ. ಮೂರನೆಯ ಮತ್ತು ಐದನೆಯ ದಿನ ತೂಕ ಕಡ್ಡಾಯ. ಎರಡನೆಯ ವಾರದ ಕೊನೆಗೆ ಎಡಿನ್‌ಬರೋ ಪ್ರಶ್ನಾವಳಿ.